ರ‍್ಯಾಂಪ್‌ನಿಂದ ಬೆಳ್ಳಿತೆರೆಗೆ, ಮತ್ತೆ ರ‍್ಯಾಂಪ್ ಕಡೆಗೆ: 19ಕ್ಕೇ ಮುಗಿದ ನಿವೇದಿತಾ ಜೈನ್ ಬದುಕು

ದೇವರಾಜ ಅರಸು ಬಡಾವಣೆ, ದಾವಣಗೆರೆ: ನಿವೇದಿತಾ ಜೈನ್ ಅಂದ್ರೆ ಇವತ್ತಿನ ಕಾಲೇಜು ಹುಡುಗರಿಗೆ ಥಟ್ಟನೆ ಗೊತ್ತಾಗಲಿಕ್ಕಿಲ್ಲ. ಆದ್ರೆ 1990ರ ದಶಕದಲ್ಲಿ ಕನ್ನಡ ಸಿನಿಮಾ ನೋಡಿಕೊಂಡು ಬೆಳೆದವರನ್ನು ಕೇಳಿ ನೋಡಿ. ಶಿವರಾಜ್‌ಕುಮಾರ್ ಜೊತೆ ‘ಶಿವಸೈನ್ಯ’ದಲ್ಲಿ ಇದ್ದ ಹುಡುಗಿ, ‘ಅಮೃತವರ್ಷಿಣಿ’ಯಲ್ಲಿ ಸ್ವಲ್ಪ ಹೊತ್ತು ಬಂದು ಹೋಗುವ ಹುಡುಗಿ ಅಂದ ಕೂಡಲೇ ನೆನಪಾಗುತ್ತೆ. ಆಮೇಲೆ ಎಲ್ಲರೂ ಹೇಳುವ ಮಾತು ಒಂದೇ, ಪಾಪ, ಮಹಡಿಯಿಂದ ಬಿದ್ದು ಹೋದ್ಲಲ್ಲ ಅಂತ.

ನಿಜ, ಅವರ ಬಗ್ಗೆ ಜನಕ್ಕೆ ಹೆಚ್ಚು ನೆನಪಿರೋದು ಸಾವೇ. ಆದ್ರೆ ಆ ಸಾವಿಗಿಂತ ಮೊದಲು ನಾಲ್ಕು ವರ್ಷದ ಒಂದು ವೃತ್ತಿ ಜೀವನ ಇತ್ತು. ಅದು ಕನ್ನಡ ಚಿತ್ರರಂಗಕ್ಕೆ ನಾಯಕಿಯರು ಬರುವ ದಾರಿಯೇ ಬದಲಾಗುತ್ತಿದ್ದ ಕಾಲ. ಆ ದಾರಿಯಲ್ಲಿ ಬಹಳ ಚಿಕ್ಕ ವಯಸ್ಸಿಗೇ ಹೆಜ್ಜೆ ಇಟ್ಟವರು ನಿವೇದಿತಾ.

15ಕ್ಕೇ ಕಿರೀಟ

ನಿವೇದಿತಾ ಹುಟ್ಟಿದ್ದು 1979ರಲ್ಲಿ, ಬೆಂಗಳೂರಿನಲ್ಲಿ. 1994ರಲ್ಲಿ ಮಿಸ್ ಬೆಂಗಳೂರು ಕಿರೀಟ ಅವರ ತಲೆ ಮೇಲೆ ಬಂತು. ಆಗ ವಯಸ್ಸು 15. ನಮ್ಮ ಕಡೆ ಆ ವಯಸ್ಸಿನ ಹುಡುಗಿಯರು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಚಿಂತೆಯಲ್ಲಿ ಇರ‍್ತಾರೆ.

ಆ 1994 ಸಾಮಾನ್ಯ ವರ್ಷ ಆಗಿರಲಿಲ್ಲ. ಮೇ ತಿಂಗಳಲ್ಲಿ ಮನಿಲಾದಲ್ಲಿ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್ ಆದ್ರು. ಭಾರತಕ್ಕೆ ಆ ಪಟ್ಟ ಬಂದದ್ದು ಅದೇ ಮೊದಲು. ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆದ್ರು. ಐಶ್ವರ್ಯಾ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಒಂದೇ ವರ್ಷ ಎರಡು ಜಾಗತಿಕ ಕಿರೀಟ ಬಂದಿದ್ದೇ ತಡ, ಸೌಂದರ್ಯ ಸ್ಪರ್ಧೆ ಅನ್ನೋದು ಮನೆಮನೆಯ ಮಾತಾಯ್ತು. ಅದುವರೆಗೆ ಅದು ಮುಂಬೈ, ದೆಹಲಿಯ ದೊಡ್ಡ ಮನೆತನದವರ ಶೋಕಿ ಅಂತ ಜನ ಅಂದ್ಕೊಂಡಿದ್ರು. ಈಗ ಮಗಳು ಉದ್ದಕ್ಕೆ ಬೆಳೆದಿದ್ದಾಳೆ, ಒಂದು ಕೈ ನೋಡಬಾರದ್ಯಾಕೆ ಅಂತ ಮಧ್ಯಮ ವರ್ಗದ ಅಪ್ಪ ಅಮ್ಮನೂ ಯೋಚಿಸೋ ಹಾಗಾಯ್ತು.

ಇದಕ್ಕೆ ಕಾರಣ ಕಿರೀಟಗಳಷ್ಟೇ ಅಲ್ಲ. 1991ರಲ್ಲಿ ದೇಶದ ಮಾರುಕಟ್ಟೆ ತೆರೆದಿತ್ತು. ಹೊರಗಿನ ಸೋಪು, ಶಾಂಪೂ, ಕ್ರೀಮು, ಬಟ್ಟೆ ಕಂಪನಿಗಳು ಬಂದವು. ಅವಕ್ಕೆ ಜಾಹೀರಾತು ಬೇಕು, ಜಾಹೀರಾತಿಗೆ ಹೊಸ ಮುಖ ಬೇಕು. ಉದಯ ಟಿವಿ ಶುರುವಾಗಿದ್ದೂ ಅದೇ 1994ರಲ್ಲಿ. ಕೇಬಲ್ ವೈರು ನಮ್ಮ ಬಡಾವಣೆಗಳ ಮನೆ ಮೇಲಿಂದ ಮನೆ ಮೇಲೆ ಹಾದು ಹೋದಂತೆ, ಬೆಂಗಳೂರಿನ ಮಾಡೆಲ್ ಮುಖ ದಾವಣಗೆರೆ, ಹರಿಹರದ ನಡುಮನೆಗೂ ಬಂತು.

ನಿವೇದಿತಾ ಬಂದದ್ದು ಈ ಗಾಳಿಯಲ್ಲಿ.

ಅದಕ್ಕೂ ಮುಂಚೆ ನಾಯಕಿಯರು ಎಲ್ಲಿಂದ ಬರ‍್ತಿದ್ರು?

ಈ ಬದಲಾವಣೆ ಎಷ್ಟು ದೊಡ್ಡದು ಅಂತ ತಿಳಿಯಬೇಕಂದ್ರೆ ದಾವಣಗೆರೆಯವರು ದೂರ ಹೋಗಬೇಕಿಲ್ಲ. ಇದು ಚಿಂದೋಡಿ ಲೀಲಾ ಅವರ ಊರು. ಕೆಬಿಆರ್ ಡ್ರಾಮಾ ಕಂಪನಿಯ ಊರು. ಲೀಲಮ್ಮ ಸಣ್ಣ ವಯಸ್ಸಿನಿಂದ ರಂಗದ ಮೇಲೆ ನಿಂತು, ಸಾವಿರಾರು ಜನರ ಮುಂದೆ ಮೈಕಿಗೂ ಕಾಯದೆ ಮಾತು ಹೇಳಿ ಪಳಗಿದವರು. ಸಿನಿಮಾ ಅವರಿಗೆ ಆಮೇಲೆ ಬಂತು. ಪದ್ಮಶ್ರೀಯೂ ಬಂತು.

ಲೀಲಾವತಿ ಅವರದ್ದೂ ನಾಟಕ ಕಂಪನಿಯ ದಾರಿಯೇ. ಅವರು ಮಹಾಲಿಂಗ ಭಾಗವತರ ಕಂಪನಿಯಲ್ಲಿದ್ದವರು. ಮಂಜುಳಾ ಬಂದದ್ದು ಪ್ರಭಾತ್ ಕಲಾವಿದರ ತಂಡದಿಂದ. ಇನ್ನು ಕೆಲವರು ಭರತನಾಟ್ಯ ಕಲಿತು ಬಂದ್ರು. ಒಟ್ಟಿನಲ್ಲಿ ಕ್ಯಾಮೆರಾ ಮುಂದೆ ನಿಲ್ಲೋದಕ್ಕೆ ಮುಂಚೆ ಮಾತಿನದೋ ಕುಣಿತದ್ದೋ ಒಂದು ತಾಲೀಮು ಇರ‍್ತಿತ್ತು.

ರ‍್ಯಾಂಪ್‌ನ ತಾಲೀಮು ಬೇರೆ ಥರದ್ದು. ಅಲ್ಲಿ ಮಾತೇ ಇಲ್ಲ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕ್ಕೊಂಡು, ಬೆನ್ನು ನೆಟ್ಟಗೆ ಇಟ್ಟು, ಒಂದು ಹೆಜ್ಜೆಯ ಮುಂದೆ ಸರಿಯಾಗಿ ಇನ್ನೊಂದು ಹೆಜ್ಜೆ ಇಡಬೇಕು. ಕಾಲು ನೋಡೋ ಹಾಗಿಲ್ಲ. ಕಣ್ಣು ದೂರದ ಒಂದು ಬಿಂದುವಿನ ಮೇಲೆ ಇರಬೇಕು. ತುದಿಗೆ ಬಂದಾಗ ಒಂದೆರಡು ಕ್ಷಣ ನಿಂತು, ತಿರುಗಿ, ಅದೇ ಲಯದಲ್ಲಿ ವಾಪಸ್ ಹೋಗಬೇಕು. ನೋಡೋಕೆ ಸುಲಭ ಅನ್ನಿಸುತ್ತೆ. ಆದ್ರೆ ಅದು ಸಹಜ ಅನ್ನಿಸೋ ಹಾಗೆ ಬರಬೇಕಂದ್ರೆ ದಿನಾ ಅಭ್ಯಾಸ ಮಾಡಬೇಕು. ಹಾಡುಗಾರರಿಗೆ ಸಾಧಕ ಇದ್ದ ಹಾಗೆ ಮಾಡೆಲ್‌ಗಳಿಗೆ ನಡಿಗೆ.

ಕಿರೀಟ ಗೆದ್ದವರು ಕನ್ನಡಕ್ಕೆ ಬಂದದ್ದು ನಿವೇದಿತಾ ಕಾಲದಲ್ಲೇ ಮೊದಲಲ್ಲ. 1984ರ ಮಿಸ್ ಇಂಡಿಯಾ ಜೂಹಿ ಚಾವ್ಲಾ 1987ರಲ್ಲಿ ರವಿಚಂದ್ರನ್ ಅವರ ‘ಪ್ರೇಮಲೋಕ’ಕ್ಕೆ ಬಂದಿದ್ರು. 1980ರ ಮಿಸ್ ಇಂಡಿಯಾ ಸಂಗೀತಾ ಬಿಜಲಾನಿ ವಿಷ್ಣುವರ್ಧನ್ ಜೊತೆ ‘ಪೊಲೀಸ್ ಮತ್ತು ದಾದಾ’ ಮಾಡಿದ್ರು. ಆದ್ರೆ ಅವರೆಲ್ಲ ಮುಂಬೈನಿಂದ ಅತಿಥಿಗಳ ಹಾಗೆ ಬಂದವರು, ಮುಂಬೈಗೇ ಹೋದವರು. ಬೆಂಗಳೂರಿನದ್ದೇ ಹುಡುಗಿ ಬೆಂಗಳೂರಿನದ್ದೇ ಕಿರೀಟ ಗೆದ್ದು ಗಾಂಧಿನಗರಕ್ಕೆ ನಡೆದು ಬಂದದ್ದು ಬೇರೆ ಮಾತು.

ದೊಡ್ಡ ಮನೆಯ ನಾಯಕರ ಜೊತೆ

ಸಿನಿಮಾದಲ್ಲಿ ನಿವೇದಿತಾಗೆ ಸಿಕ್ಕ ಆರಂಭ ಸಣ್ಣದೇನಲ್ಲ. ‘ಶಿವರಂಜಿನಿ’ಯಲ್ಲಿ ರಾಘವೇಂದ್ರ ರಾಜ್‌ಕುಮಾರ್‌ಗೆ ಜೋಡಿ. 1996ರ ‘ಶಿವಸೈನ್ಯ’ದಲ್ಲಿ ಶಿವರಾಜ್‌ಕುಮಾರ್‌ಗೆ ಜೋಡಿ. ಅಣ್ಣಾವ್ರ ಇಬ್ಬರು ಮಕ್ಕಳ ಸಿನಿಮಾದಲ್ಲೂ ನಾಯಕಿ ಆಗೋ ಅವಕಾಶ ಹೊಸಬರಿಗೆ ಅಷ್ಟು ಸುಲಭಕ್ಕೆ ಸಿಗೋದಲ್ಲ.

‘ಶಿವಸೈನ್ಯ’ ನಿರ್ದೇಶಿಸಿದ್ದು ಶಿವಮಣಿ. ಸಂಗೀತ ಇಳಯರಾಜ. ಆ ವರ್ಷ ಶಿವಣ್ಣನಿಗೆ ಭಾರೀ ವರ್ಷ. ‘ನಮ್ಮೂರ ಮಂದಾರ ಹೂವೇ’, ‘ಜನುಮದ ಜೋಡಿ’ ಎರಡೂ ಅದೇ 1996ರವು. ಹಾಗಾಗಿ ಒಂದು ವಿಷಯ ಗಮನಿಸಬೇಕು. ‘ನಮ್ಮೂರ ಮಂದಾರ ಹೂವೇ’ಯ ಪ್ರೇಮಾ, ‘ಜನುಮದ ಜೋಡಿ’ಯ ಶಿಲ್ಪಾ ಜನರ ಮನಸ್ಸಿಗೆ ಇಳಿದದ್ದು ಲಂಗ ದಾವಣಿಯ ಹಳ್ಳಿ ಹುಡುಗಿಯರಾಗಿ. ಶ್ರುತಿ ಕಣ್ಣೀರಿನ ಕಥೆಗಳಿಗೆ ಹೆಣ್ಣುಮಕ್ಕಳು ಸೆರಗು ಒದ್ದೆ ಮಾಡ್ಕೊಂಡು ಟಾಕೀಸಿನಿಂದ ಹೊರಗೆ ಬರ‍್ತಿದ್ದ ಕಾಲ ಅದು. ಪ್ರೇಕ್ಷಕರು ನಾಯಕಿಯಲ್ಲಿ ತಂಗಿಯನ್ನೋ ಸೊಸೆಯನ್ನೋ ಹುಡುಕ್ತಿದ್ರು. ಪೇಟೆಯ ಹುಡುಗಿ ಅಂದ್ರೆ ಕಥೆಗಳಲ್ಲಿ ಸೊಕ್ಕಿನವಳು, ನಾಯಕ ಬುದ್ಧಿ ಕಲಿಸಬೇಕಾದವಳು. ರ‍್ಯಾಂಪ್‌ನಿಂದ ಬಂದ ಮುಖಕ್ಕೆ ಅಲ್ಲಿ ಹೇಳಿ ಮಾಡಿಸಿದ ಪಾತ್ರ ಅನ್ನೋದು ಇನ್ನೂ ಹುಟ್ಟಿರಲಿಲ್ಲ.

ಅದರ ಮೇಲೆ ಅವು ನಾಯಕ ಪ್ರಧಾನ ಸಿನಿಮಾಗಳ ದಿನಗಳು. ನಾಯಕಿಗೆ ಮೂರ‍್ನಾಲ್ಕು ಹಾಡು, ಒಂದಿಷ್ಟು ಪ್ರೀತಿಯ ದೃಶ್ಯ, ಕೊನೆಗೆ ಖಳನಾಯಕನ ಕೈಗೆ ಸಿಕ್ಕಿ ಕೂಗೋದು. ಎಷ್ಟೋ ನಾಯಕಿಯರಿಗೆ ದನಿಯೂ ಬೇರೆಯವರದ್ದೇ ಇರ‍್ತಿತ್ತು. ಅಂಥ ಚೌಕಟ್ಟಿನೊಳಗೆ ಹದಿನೇಳರ ಹುಡುಗಿಯೊಬ್ಬಳು ತನಗೆ ನಟನೆ ಬರುತ್ತೋ ಇಲ್ಲವೋ ಅಂತ ತೋರಿಸೋಕೆ ಜಾಗ ಕಡಿಮೆ.

ಆದ್ರೂ ಕೆಲಸ ನಿಲ್ಲಲಿಲ್ಲ. ‘ಸೂತ್ರಧಾರ’ ಬಂತು. 1997ರಲ್ಲಿ ‘ಪ್ರೇಮ ರಾಗ ಹಾಡು ಗೆಳತಿ’ ಬಂತು. ಅದೇ ವರ್ಷ ದಿನೇಶ್ ಬಾಬು ನಿರ್ದೇಶನದ ‘ಅಮೃತವರ್ಷಿಣಿ’ ಬಂತು. ರಮೇಶ್ ಅರವಿಂದ್, ಸುಹಾಸಿನಿ, ಶರತ್ ಬಾಬು ಮುಖ್ಯ ಪಾತ್ರದಲ್ಲಿದ್ದ ಈ ಸಿನಿಮಾಕ್ಕೆ ದೇವಾ ಸಂಗೀತ, ಕೆ. ಕಲ್ಯಾಣ್ ಸಾಹಿತ್ಯ. ಇದರಲ್ಲಿ ನಿವೇದಿತಾದು ಅತಿಥಿ ಪಾತ್ರ, ಅಷ್ಟೇ. ಆದ್ರೆ ವಿಚಿತ್ರ ನೋಡಿ, ನಾಯಕಿಯಾಗಿ ಮಾಡಿದ ಸಿನಿಮಾಗಳಿಗಿಂತ ಈ ಸಣ್ಣ ಪಾತ್ರವೇ ಅವರ ಮುಖವನ್ನು ಹೆಚ್ಚು ಕಾಲ ಉಳಿಸ್ತು. ‘ಅಮೃತವರ್ಷಿಣಿ’ ಟಿವಿಯಲ್ಲಿ ಬಂದಾಗಲೆಲ್ಲ ಈ ಹುಡುಗಿ ಯಾರು ಅಂತ ಹೊಸ ತಲೆಮಾರಿನವರು ಕೇಳ್ತಾರೆ. ಮನೆಯ ದೊಡ್ಡವರು ಹೆಸರು ಹೇಳ್ತಾರೆ.

ತಮಿಳಿನಿಂದಲೂ ಕರೆ ಬಂತು. ಮಧುಗಿರಿ ಮೂಲದ, ಅಲ್ಲಿ ಆಗಲೇ ದೊಡ್ಡ ಹೆಸರು ಮಾಡಿದ್ದ ಅರ್ಜುನ್ ಸರ್ಜಾ ನಾಯಕರಾಗಿದ್ದ ‘ತಾಯಿನ್ ಮಣಿಕ್ಕೊಡಿ’ಯಲ್ಲಿ ನಿವೇದಿತಾ ನಟಿಸಿದ್ರು. 1998ರ ಸಿನಿಮಾ ಅದು. ಕನ್ನಡದ ಹುಡುಗಿಯರಿಗೆ ಮದ್ರಾಸಿನ ಬಾಗಿಲು ತೆರೆದರೆ ಮುಂದೆ ತೆಲುಗು, ಆಮೇಲೆ ಹಿಂದಿ ಅನ್ನೋ ಲೆಕ್ಕ ಇತ್ತು. ಸೌಂದರ್ಯ ಆಗ ಅದೇ ದಾರಿಯಲ್ಲಿ ತೆಲುಗಿನಲ್ಲಿ ಮೇಲೆ ಮೇಲೆ ಹೋಗ್ತಿದ್ರು.

ಬೆಂಗಳೂರಿಗೇ ಬಂದ ಮಿಸ್ ವರ್ಲ್ಡ್

ನಿವೇದಿತಾ ಸಿನಿಮಾದಲ್ಲಿ ಬಿಝಿ ಇದ್ದ ಹೊತ್ತಿಗೇ, 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ ನಡೀತು. ನಡೆಸಿದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ. ಗೆದ್ದಿದ್ದು ಗ್ರೀಸ್‌ನ ಐರೀನ್ ಸ್ಕ್ಲಿವಾ.

ಆ ಸ್ಪರ್ಧೆಗೆ ಎದ್ದ ವಿರೋಧ ಇವತ್ತಿಗೂ ಹಲವರಿಗೆ ನೆನಪಿದೆ. ಮಹಿಳಾ ಸಂಘಟನೆಗಳು, ರೈತ ಸಂಘದವರು, ಸಂಸ್ಕೃತಿ ಹೆಸರು ಹೇಳುವವರು, ಜಾಗತೀಕರಣ ವಿರೋಧಿಸುವವರು, ಹೀಗೆ ಬೇರೆ ದಿನ ಒಂದೇ ವೇದಿಕೆ ಹತ್ತದವರೆಲ್ಲ ಒಂದೇ ವಿಷಯಕ್ಕೆ ಬೀದಿಗಿಳಿದ್ರು. ಮಧುರೈನಲ್ಲಿ ಒಬ್ಬ ಯುವಕ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಈಜುಡುಗೆಯ ಸುತ್ತನ್ನು ಇಲ್ಲಿ ಬಿಟ್ಟು ಸೀಶೆಲ್ಸ್ ದ್ವೀಪಕ್ಕೆ ಕೊಂಡೊಯ್ಯಬೇಕಾಯ್ತು.

ಆಗ ಮುಖ್ಯಮಂತ್ರಿ ಆಗಿದ್ದವರು ನಮ್ಮ ಚನ್ನಗಿರಿ ತಾಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಎಷ್ಟೇ ಗದ್ದಲ ಆದ್ರೂ ಪಟೇಲರು ಸ್ಪರ್ಧೆಯ ಪರ ನಿಂತ್ರು, ಪೊಲೀಸ್ ಬಂದೋಬಸ್ತ್ ಕೊಟ್ಟು ನಡೆಯೋಕೆ ಬಿಟ್ರು. ಮರುವರ್ಷ ದಾವಣಗೆರೆಯನ್ನು ಜಿಲ್ಲೆ ಮಾಡಿದವರೂ ಅವರೇ.

ಇದನ್ನು ಇಲ್ಲಿ ಹೇಳೋದಕ್ಕೆ ಕಾರಣ ಇದೆ. ರ‍್ಯಾಂಪ್ ಮೇಲೆ ನಡೆಯುವ ಹುಡುಗಿಯನ್ನು ಅವತ್ತಿನ ಸಮಾಜ ಎರಡು ಕಣ್ಣಿಂದ ನೋಡ್ತಿತ್ತು. ಒಂದು ಕಣ್ಣಿಗೆ ಆಕೆ ದೇಶದ ಹೆಮ್ಮೆ. ಇನ್ನೊಂದು ಕಣ್ಣಿಗೆ ಮಾರುಕಟ್ಟೆ ಕಂಪನಿಗಳ ಕೈಗೊಂಬೆ. ಎರಡರಲ್ಲೂ ಆ ಹುಡುಗಿಗೆ ಏನು ಬೇಕು ಅಂತ ಕೇಳಿದವರು ಕಡಿಮೆ. ನಿವೇದಿತಾ ಥರದವರು ಬೆಳಿಗ್ಗೆ ಸಿನಿಮಾ ಸೆಟ್‌ನಲ್ಲಿ ಮೇಕಪ್ ಹಾಕಿಸಿಕೊಳ್ತಾ, ಪೇಪರ್‌ನಲ್ಲಿ ತಮ್ಮ ಕಸುಬಿನ ಮೇಲಿನ ಈ ಜಗಳವನ್ನು ಓದಬೇಕಾದ ಸ್ಥಿತಿ. ಆಗ ಅವರ ವಯಸ್ಸು 17.

ನಾಯಕಿ ಆದ ಮೇಲೂ ಸ್ಪರ್ಧಿ

ಸಾಮಾನ್ಯವಾಗಿ ಮಾಡೆಲಿಂಗ್ ಅನ್ನೋದು ಸಿನಿಮಾಕ್ಕೆ ಏಣಿ ಅಂತ ಎಲ್ಲರೂ ತಿಳಿದಿರ‍್ತಾರೆ. ಮೇಲೆ ಹತ್ತಿದ ಮೇಲೆ ಏಣಿ ಯಾರಿಗೆ ಬೇಕು? ನಿವೇದಿತಾ ಹಾಗೆ ನೋಡಿದವರಲ್ಲ. ಸ್ಟಾರ್ ನಟರ ಜೊತೆ ನಟಿಸಿ, ತಮಿಳಿಗೂ ಹೋಗಿ ಬಂದ ಮೇಲೆ, ಅವರು ಮತ್ತೆ ಸ್ಪರ್ಧಿಯಾಗಿ ಸಾಲಿನಲ್ಲಿ ನಿಲ್ಲೋಕೆ ತಯಾರಾದ್ರು. ಈ ಸಲ ಗುರಿ ಮಿಸ್ ಇಂಡಿಯಾ.

ಮಿಸ್ ಇಂಡಿಯಾ ಅಂದ್ರೆ ಆಗ ಫೆಮಿನಾ ಪತ್ರಿಕೆ ನಡೆಸ್ತಿದ್ದ ಸ್ಪರ್ಧೆ. ಅಲ್ಲಿ ಗೆದ್ದವರು ಮಿಸ್ ಯೂನಿವರ್ಸ್‌ಗೆ, ಮಿಸ್ ವರ್ಲ್ಡ್‌ಗೆ ಹೋಗೋರು. 1997ರಲ್ಲಿ ಹೈದರಾಬಾದಿನ ಡಯಾನಾ ಹೇಡನ್ ಮಿಸ್ ವರ್ಲ್ಡ್ ಆಗಿ ಬಂದಿದ್ರು. ಭಾರತದ ಹುಡುಗಿಯರು ಹೋದ್ರೆ ಗೆದ್ದೇ ಬರ‍್ತಾರೆ ಅನ್ನೋ ನಂಬಿಕೆ ಗಟ್ಟಿಯಾಗಿತ್ತು. 15ಕ್ಕೆ ಊರಿನ ಕಿರೀಟ ಗೆದ್ದವರು 19ರ ಹೊತ್ತಿಗೆ ದೇಶದ ಕಿರೀಟದ ಕನಸು ಕಂಡಿದ್ರಲ್ಲಿ ಅತಿ ಏನಿಲ್ಲ.

ಸಿನಿಮಾದವರು ಹೀಗೆ ಮತ್ತೆ ಪರೀಕ್ಷೆಗೆ ಕೂರೋದು ಅಂದ್ರೆ ಸಣ್ಣ ಧೈರ್ಯ ಅಲ್ಲ. ಸೋತರೆ ನಾಯಕಿಯಾಗಿ ಇದ್ದ ಹೆಸರಿಗೂ ಪೆಟ್ಟು. ಅಲ್ಲಿ ನಾಯಕನ ನೆರಳಿಲ್ಲ, ಹಾಡಿಲ್ಲ, ಎಡಿಟಿಂಗ್ ಇಲ್ಲ. ಹತ್ತಾರು ಹುಡುಗಿಯರ ನಡುವೆ ತನ್ನದೇ ನಡಿಗೆ, ತನ್ನದೇ ಉತ್ತರ. ಅದಕ್ಕಾಗಿ ನಡಿಗೆಯ ಅಭ್ಯಾಸಕ್ಕೆ ಮತ್ತೆ ಇಳಿದ್ರು.

1998ರ ಮೇ 17ರಂದು ಬೆಂಗಳೂರಿನ ತಮ್ಮ ಮನೆಯ ಎರಡನೇ ಮಹಡಿಯಲ್ಲಿ ಕ್ಯಾಟ್‌ವಾಕ್ ಅಭ್ಯಾಸ ಮಾಡುವಾಗ ನಿವೇದಿತಾ ಆಯ ತಪ್ಪಿ ಕೆಳಗೆ ಬಿದ್ದರು. ತಲೆಗೆ ಬಲವಾದ ಪೆಟ್ಟು. ಪ್ರಜ್ಞೆ ಮರಳಲಿಲ್ಲ. 24 ದಿನ ಆಸ್ಪತ್ರೆಯಲ್ಲಿ ಕೋಮಾದಲ್ಲಿದ್ದು, ಜೂನ್ 10ರಂದು ತೀರಿಕೊಂಡರು. ವಯಸ್ಸು 19.

ಕಾಲು ನೋಡದೆ, ಕಣ್ಣು ದೂರಕ್ಕೆ ನೆಟ್ಟು ನಡೆಯಬೇಕು ಅನ್ನೋದು ಆ ಕಸುಬಿನ ಮೊದಲ ಪಾಠ. ಆ ಪಾಠವನ್ನು ಸಮತಟ್ಟಾದ, ಅಂಚಿಲ್ಲದ ಜಾಗದಲ್ಲಿ ಕಲಿಯೋದಕ್ಕೆ ಇವತ್ತು ಹಾಲ್‌ಗಳಿವೆ, ತರಬೇತಿ ಕೇಂದ್ರಗಳಿವೆ. ಆಗ ಬಹಳ ಜನಕ್ಕೆ ಇದ್ದದ್ದು ಮನೆಯೇ.

ಉಳಿದದ್ದು ಏನು?

ಅಕಾಲ ಸಾವು ಅಂದ್ರೆ ಏನು ಅಂತ ದಾವಣಗೆರೆಯವರಿಗೆ ಹೇಳಿಕೊಡಬೇಕಿಲ್ಲ. 1990ರ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡದ್ದು ಇಲ್ಲೇ ಆನಗೋಡಿನ ಬಳಿ. ಅವರಿಗೆ ಆಗ 35. ಆದ್ರೆ ಶಂಕರಣ್ಣ ಅಷ್ಟರೊಳಗೆ ‘ಮಾಲ್ಗುಡಿ ಡೇಸ್’ ಕೊಟ್ಟಿದ್ರು, ‘ಮಿಂಚಿನ ಓಟ’ ಕೊಟ್ಟಿದ್ರು, ಆಟೋ ಮೇಲೆ ಫೋಟೋ ಆಗಿ ಉಳಿಯೋವಷ್ಟು ಕೆಲಸ ಮಾಡಿದ್ರು. ನಿವೇದಿತಾಗೆ ಆ ಸಮಯ ಸಿಗಲಿಲ್ಲ. ಕೈಬೆರಳಲ್ಲಿ ಎಣಿಸುವಷ್ಟು ಸಿನಿಮಾ. ಅವುಗಳಲ್ಲೂ ನಾಯಕನದ್ದೇ ಕಥೆ. ಒಳ್ಳೆ ನಟಿ ಆಗಿದ್ರಾ, ಆಗ್ತಿದ್ರಾ ಅನ್ನೋ ಪ್ರಶ್ನೆಗೆ ಆ ಸಿನಿಮಾಗಳನ್ನಿಟ್ಟುಕೊಂಡು ಉತ್ತರ ಹೇಳೋದು ನ್ಯಾಯ ಅಲ್ಲ. ಪ್ರೇಮಾ, ಶ್ರುತಿ, ಸುಧಾರಾಣಿ ಇವರನ್ನೆಲ್ಲ ಅವರ 19ನೇ ವಯಸ್ಸಿಗೇ ನಿಲ್ಲಿಸಿ ಅಳೆದಿದ್ರೆ ಅವರ ಅರ್ಧ ಕೆಲಸವೂ ಲೆಕ್ಕಕ್ಕೆ ಸಿಗ್ತಿರಲಿಲ್ಲ.

ಆದ್ರೆ ಅವರು ತುಳಿದ ದಾರಿ ಆಮೇಲೆ ಹೆದ್ದಾರಿ ಆಯ್ತು. ಅವರು ತೀರಿಕೊಂಡ ಎರಡೇ ವರ್ಷಕ್ಕೆ, 2000ದಲ್ಲಿ, ಬೆಂಗಳೂರಿನಲ್ಲಿ ಬೆಳೆದ ಲಾರಾ ದತ್ತಾ ಮಿಸ್ ಯೂನಿವರ್ಸ್ ಆಗಿ ಆಮೇಲೆ ಸಿನಿಮಾಕ್ಕೆ ಹೋದ್ರು. ಬೆಂಗಳೂರಿನ ರ‍್ಯಾಂಪ್ ಮೇಲೆ ನಡೆದ ದೀಪಿಕಾ ಪಡುಕೋಣೆ 2006ರಲ್ಲಿ ಉಪೇಂದ್ರ ಜೊತೆ ‘ಐಶ್ವರ್ಯಾ’ದಲ್ಲಿ ನಟಿಸಿ, ಮರುವರ್ಷ ಹಿಂದಿಗೆ ಹಾರಿದ್ರು. ವಿರಾಜಪೇಟೆಯ ರಶ್ಮಿಕಾ ಮಂದಣ್ಣ 2014ರಲ್ಲಿ ಮಾಡೆಲಿಂಗ್ ಸ್ಪರ್ಧೆ ಗೆದ್ದು, 2016ರಲ್ಲಿ ‘ಕಿರಿಕ್ ಪಾರ್ಟಿ’ಗೆ ಬಂದ್ರು. ಮಂಗಳೂರಿನ ಶ್ರೀನಿಧಿ ಶೆಟ್ಟಿ 2016ರಲ್ಲಿ ಮಿಸ್ ಸುಪ್ರಾನ್ಯಾಷನಲ್ ಆಗಿ, 2018ರಲ್ಲಿ ‘ಕೆಜಿಎಫ್’ ನಾಯಕಿ ಆದ್ರು. ಇವರ ಪೈಕಿ ಯಾರಿಗೂ ನೀನು ನಾಟಕ ಕಂಪನಿಯಲ್ಲಿ ಇದ್ದೆಯಾ ಅಂತ ಯಾರೂ ಕೇಳಲಿಲ್ಲ. ಇವರಿಗಾಗಿ ಪೇಟೆಯ ಹುಡುಗಿಯ ಪಾತ್ರಗಳೂ ಅಷ್ಟೊತ್ತಿಗೆ ಹುಟ್ಟಿಕೊಂಡಿದ್ವು. ಆ ಪಾತ್ರಗಳು ಹತ್ತು ವರ್ಷ ಮುಂಚೆ ಬಂದಿದ್ರೆ ಅನ್ನೋ ಯೋಚನೆ ನಿವೇದಿತಾ ಮುಖ ನೋಡಿದಾಗ ಬಾರದೆ ಇರಲ್ಲ.

ಇವತ್ತು ದಾವಣಗೆರೆಯಲ್ಲೂ ಕಾಲೇಜು ಫೆಸ್ಟ್ ಅಂದ್ರೆ ಫ್ಯಾಷನ್ ಶೋ ಇರಲೇಬೇಕು. ಚಿಂದೋಡಿ ಲೀಲಮ್ಮನ ಊರಿನ ಹುಡುಗಿಯರು ಮೊಬೈಲನ್ನು ತಾರಸಿಯ ಗೋಡೆಗೆ ಒರಗಿಸಿಟ್ಟು ನಡಿಗೆ ಅಭ್ಯಾಸ ಮಾಡ್ತಾರೆ. ರೀಲ್ಸ್ ಹಾಕ್ತಾರೆ. ಅಪ್ಪ ಅಮ್ಮ ಬೈಯೋದೂ ಕಡಿಮೆ ಆಗಿದೆ. 15 ವರ್ಷದ ಹುಡುಗಿ ಇಂಥ ಆಸೆ ಇದೆ ಅಂತ ಬಾಯಿಬಿಟ್ಟು ಹೇಳೋದೇ ಕಷ್ಟ ಆಗಿದ್ದ ಕಾಲದಲ್ಲಿ ನಿವೇದಿತಾ ಜೈನ್ ಹೇಳಿದ್ರು, ಗೆದ್ದು ತೋರಿಸಿದ್ರು. ನಾಯಕಿಯಾದ ಮೇಲೂ ತಾನು ಕಲಿಯೋದು ಮುಗಿದಿಲ್ಲ ಅಂತ ಅಭ್ಯಾಸಕ್ಕೆ ನಿಂತ್ರು.

ಮುಂದಿನ ಸಲ ಟಿವಿಯಲ್ಲಿ ‘ಅಮೃತವರ್ಷಿಣಿ’ ಬಂದಾಗ, ಅಥವಾ ‘ಶಿವಸೈನ್ಯ’ದ ಹಾಡು ಎಲ್ಲಾದರೂ ಕೇಳಿದಾಗ, ಮಹಡಿಯಿಂದ ಬಿದ್ದ ಹುಡುಗಿ ಅಂತಷ್ಟೇ ಹೇಳಿ ಮುಗಿಸಬೇಡಿ. ಮಿಸ್ ಬೆಂಗಳೂರು ಆಗಿದ್ದವಳು, ಮಿಸ್ ಇಂಡಿಯಾಗೆ ತಯಾರಿ ಮಾಡ್ತಿದ್ದವಳು, ನಡುವೆ ಕನ್ನಡದಲ್ಲೂ ತಮಿಳಲ್ಲೂ ಸಿನಿಮಾ ಮಾಡಿದವಳು ಅಂತ ಮಕ್ಕಳಿಗೆ ಹೇಳಿ.